ದೂರದ ಬೆಟ್ಟ, ತಾಮ್ರದ ತಗಡು

ಕ್ಯಾಲನೂರಿನಲ್ಲಿ ಬೆಳಗಿನ ಬಸ್ಸಿಗೆ ಕಾಯುತ್ತಾ ನಿಂತವರ ಕಣ್ಣಿಗೆ ಕೋಲಾರದ ಬೆಟ್ಟಸಾಲು ತಾನಾಗಿಯೇ ಬೀಳುತ್ತದೆ. ಮಂಜು ಇನ್ನೂ ಪೂರ್ತಿ ಕರಗಿರದ ಹೊತ್ತಿನಲ್ಲಿ ಅದು ಬರೀ ಒಂದು ತೆಳು ನೀಲಿಯ ಗೆರೆ. ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟಷ್ಟು ನುಣುಪು. ಅದೇ ಬೆಟ್ಟವನ್ನು ಅಂತರಗಂಗೆಯ ಮೆಟ್ಟಿಲು ಹಿಡಿದು ಹತ್ತಿ ನೋಡಬೇಕು. ಬಸವನ ಬಾಯಿಂದ ನೀರು ಬೀಳುವ ಕಲ್ಯಾಣಿ ದಾಟಿ ಮೇಲೆ ಹೋದಂತೆ ಆ ನುಣುಪು ಎಲ್ಲೂ ಸಿಗುವುದಿಲ್ಲ. ಮನೆಯಷ್ಟು ದೊಡ್ಡ ಬಂಡೆಗಳು ಒಂದರ ಮೇಲೊಂದು ಒರಗಿ ನಿಂತಿವೆ. ನಡುವೆ ಮೈ ಓರೆ ಮಾಡಿಕೊಂಡು ನುಸುಳಬೇಕಾದ ಗವಿಗಳು, ಅಂಗೈ ತರಚುವ ಕಲ್ಲು, ಮುಳ್ಳುಪೊದೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಕಟ್ಟಿದವರು ಬಂಡೆಗಲ್ಲಿನ ಸೀಮೆಯವರೇ ಇರಬೇಕು ಎಂದು ನನಗೆ ಯಾವತ್ತೂ ಅನ್ನಿಸಿದೆ.

ಈ ಗಾದೆಯನ್ನು ಕೇಳಿರಲು ಸಾಧ್ಯವೇ ಇಲ್ಲದ ಇಂಗ್ಲೆಂಡಿನ ಒಬ್ಬ ಪಾದ್ರಿ ಹದಿನೆಂಟನೆಯ ಶತಮಾನದಲ್ಲಿ ಇದೇ ನುಣುಪು ಮತ್ತು ಒರಟುಗಳ ಲೆಕ್ಕವನ್ನು ಒಂದು ಸಿದ್ಧಾಂತ ಮಾಡಿಟ್ಟ. ಅವನ ಹೆಸರು ವಿಲಿಯಂ ಗಿಲ್ಪಿನ್. ನುಣುಪಾದದ್ದು ಸುಂದರ ಇರಬಹುದು, ಆದರೆ ಚಿತ್ರವಾಗಿ ಬರೆದಾಗ ಕಣ್ಣು ಹಿಡಿಯುವುದು ಒರಟು ಎಂಬುದು ಅವನ ವಾದ. ಮುರಿದ ಗೋಡೆ, ಗಂಟುಗಂಟಾದ ಮರ, ಬಿರುಕುಬಿಟ್ಟ ಬಂಡೆ, ಪಾಳು ಕೋಟೆ ಇವಕ್ಕೆ ಅವನು ಕೊಟ್ಟ ಹೆಸರು 'ಪಿಕ್ಚರೆಸ್ಕ್', ಎಂದರೆ ಚಿತ್ರಕ್ಕೆ ಒದಗುವಂಥದ್ದು. ವೈ ನದಿಯ ದಂಡೆಯ ಪ್ರವಾಸದ ಬಗ್ಗೆ ಅವನ ಪುಸ್ತಕ 1782ರಲ್ಲಿ ಬಂತು, ಇದೇ ವಿಚಾರದ ಮೂರು ಪ್ರಬಂಧಗಳು 1792ರಲ್ಲಿ. ಆ ನದಿಯ ದಂಡೆಯಲ್ಲಿ ಟಿಂಟರ್ನ್ ಎಂಬ ಹಾಳುಬಿದ್ದ ಮಠವಿದೆ. ಅದರ ಗೋಡೆಯ ತುದಿಗಳು ತೀರಾ ನೇರವಾಗಿ ಉಳಿದುಬಿಟ್ಟಿವೆ, ಸುತ್ತಿಗೆ ಹಿಡಿದು ನಾಲ್ಕು ಏಟು ಹಾಕಿದರೆ ಸರಿಹೋದೀತು ಎಂದು ಕೂಡ ಅವನು ಬರೆದ. ಓದುಗರು ಅದನ್ನು ಗಂಭೀರವಾಗಿಯೇ ಓದಿದರು. ಜೇಬಿನಲ್ಲಿ ಸಣ್ಣ ಕಪ್ಪು ಕನ್ನಡಿ ಇಟ್ಟುಕೊಂಡು ಹೊರಡುವುದು ಆಗಿನ ಪ್ರವಾಸಿಗರ ರೂಢಿಯಾಗಿತ್ತು. ಒಳ್ಳೆಯ ನೋಟ ಸಿಕ್ಕರೆ ಅದಕ್ಕೆ ಬೆನ್ನು ಮಾಡಿ ನಿಂತು, ಕನ್ನಡಿಯಲ್ಲಿ ಅದರ ಪ್ರತಿಬಿಂಬ ನೋಡುತ್ತಿದ್ದರು. ಬೆಟ್ಟ ಕೆರೆಗಳೆಲ್ಲ ಆ ಉಬ್ಬುಗನ್ನಡಿಯೊಳಗೆ ಚೌಕಟ್ಟು ಹಾಕಿದ ಚಿತ್ರದಂತೆ ಕೂಡಿಬರುತ್ತಿದ್ದವು. ಇಂದು ಅಂತರಗಂಗೆಯ ಬಂಡೆಯ ಮೇಲೆ ಬೆಟ್ಟಕ್ಕೆ ಬೆನ್ನು ಹಾಕಿ ಮೊಬೈಲ್ ಎತ್ತಿ ಹಿಡಿಯುವ ಹುಡುಗರನ್ನು ಕಂಡಾಗ ನನಗೆ ಆ ಕನ್ನಡಿ ನೆನಪಾಗುತ್ತದೆ.

ಆ ಪಾದ್ರಿಯ ಕಣ್ಣಿಗೂ ನಮ್ಮ ಬೆಟ್ಟಗಳಿಗೂ ಸಂಬಂಧ ಕೂಡಿಸಿದ್ದು ಯುದ್ಧ.

1791ರ ಫೆಬ್ರುವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ತನ್ನ ದೊಡ್ಡ ಸೈನ್ಯವನ್ನು ವೆಲ್ಲೂರಿನಿಂದ ಮೊಗಿಲಿ ಕಣಿವೆಯ ಮೂಲಕ ಮೈಸೂರು ಸೀಮೆಗೆ ಹತ್ತಿಸಿದ. ಟಿಪ್ಪು ಸುಲ್ತಾನನ ಮೇಲೆ ನಡೆದ ಮೂರನೆಯ ಮೈಸೂರು ಯುದ್ಧ ಅದು. ಘಟ್ಟ ಹತ್ತಿ ಬಂದವರಿಗೆ ಮೊದಲು ಎದುರಾಗುವ ಊರು ಮುಳಬಾಗಿಲು. ಮೂಡಲ ಬಾಗಿಲು ಎಂಬ ಹೆಸರು ಆ ಊರಿಗೆ ಸುಮ್ಮನೆ ಬಂದದ್ದಲ್ಲ. ಮೂಡಣ ದಿಕ್ಕಿನಿಂದ ಈ ಸೀಮೆಗೆ ಕಾಲಿಡುವವರೆಲ್ಲ, ಯಾತ್ರಿಕರಾಗಲಿ ದಂಡಿನವರಾಗಲಿ, ಅದೇ ಬಾಗಿಲು ದಾಟಬೇಕು. ಫೆಬ್ರುವರಿ ಮುಗಿಯುವಷ್ಟರಲ್ಲಿ ಕೋಲಾರ ಹೆಚ್ಚು ಪ್ರತಿರೋಧವಿಲ್ಲದೆ ಅವರ ವಶವಾಯಿತು. ಆಮೇಲೆ ಹೊಸಕೋಟೆ. ಮಾರ್ಚ್ 7ಕ್ಕೆ ಬೆಂಗಳೂರಿನ ಪೇಟೆ, 21ಕ್ಕೆ ಕೋಟೆ.

ಈ ಸೈನ್ಯದ ಜತೆ ಒಬ್ಬ ಚಿತ್ರಗಾರನಿದ್ದ. ರಾಬರ್ಟ್ ಹೋಮ್ ಎಂದು ಹೆಸರು. ಇಂಗ್ಲೆಂಡಿನ ಹಲ್ ಊರಿನವನು, ರೋಮ್‌ನಲ್ಲಿ ಚಿತ್ರ ಕಲಿತವನು. 1791ರ ಜನವರಿಯಲ್ಲಿ ಮದರಾಸಿಗೆ ಬಂದಿಳಿದು, ಕೆಲವೇ ವಾರಗಳಲ್ಲಿ ದಂಡಿನೊಡನೆ ಹೊರಡಲು ಅಪ್ಪಣೆ ಪಡೆದ. ಬೆಂಗಳೂರಿನ ಪೇಟೆ ಬಾಗಿಲಲ್ಲಿ ಕರ್ನಲ್ ಮೂರ್‌ಹೌಸ್ ಸತ್ತದ್ದನ್ನು ಅವನು ದೊಡ್ಡ ವರ್ಣಚಿತ್ರವಾಗಿ ಬರೆದ. ಮರುವರ್ಷ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಒಪ್ಪಿಸಿದ ಘಟನೆಯನ್ನೂ ಬರೆದ. ನಮಗೆ ಇಲ್ಲಿ ಮುಖ್ಯವಾದದ್ದು ಅವನ ಪುಸ್ತಕ, 'ಸೆಲೆಕ್ಟ್ ವ್ಯೂಸ್ ಇನ್ ಮೈಸೂರ್'. 1794ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಇಪ್ಪತ್ತೊಂಬತ್ತು ಕೆತ್ತನೆ ಚಿತ್ರ, ನಾಲ್ಕು ನಕಾಶೆ, ಪ್ರತಿ ಚಿತ್ರಕ್ಕೂ ಚರಿತ್ರೆಯ ವಿವರಣೆ.

ಅವನೊಬ್ಬನೇ ಅಲ್ಲ. ರಾಬರ್ಟ್ ಕೋಲ್‌ಬ್ರೂಕ್ ಎಂಬ ಮೋಜಣಿದಾರ ಮೈಸೂರು ರಾಜ್ಯದ ಹನ್ನೆರಡು ನೋಟಗಳನ್ನು ಪ್ರಕಟಿಸಿದ. ಮುಂದೆ ಅವನು ಬಂಗಾಳದ ಸರ್ವೇಯರ್ ಜನರಲ್ ಆದ. ಅಲೆಗ್ಸಾಂಡರ್ ಅಲನ್ ಎಂಬ ಕ್ಯಾಪ್ಟನ್ನನ ಮೈಸೂರು ನೋಟಗಳ ಸಂಪುಟವೂ 1794ರದ್ದೇ. ಜೇಮ್ಸ್ ಹಂಟರ್ ಎಂಬ ಫಿರಂಗಿ ದಳದ ಲೆಫ್ಟಿನೆಂಟ್ ಬೆಂಗಳೂರು, ಹೊಸೂರು, ಶ್ರೀರಂಗಪಟ್ಟಣಗಳನ್ನು ಬರೆದು 1792ರಲ್ಲೇ ತೀರಿಕೊಂಡ. ಅವನ ನಲವತ್ತು ಚಿತ್ರಗಳನ್ನು ಲಂಡನ್ನಿನ ಪ್ರಕಾಶಕ ಎಡ್ವರ್ಡ್ ಓರ್ಮ್ 1804–05ರಲ್ಲಿ ಹೊರತಂದ. ಆ ಪುಸ್ತಕದ ಹೆಸರಿನಲ್ಲೇ 'ಪಿಕ್ಚರೆಸ್ಕ್' ಎಂಬ ಪದವಿದೆ. ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ 1792ರಲ್ಲಿ ಮದರಾಸಿನಿಂದ ಹೊರಟು, ಯುದ್ಧ ಆಗಷ್ಟೇ ಮುಗಿದ ಇದೇ ಘಟ್ಟದಂಚಿನ ಸೀಮೆಯನ್ನು ಸುತ್ತಿದರು. ರಾಯಕೋಟೆಯಂಥ ಗಿರಿದುರ್ಗಗಳು ಅವರ 'ಓರಿಯಂಟಲ್ ಸೀನರಿ'ಯಲ್ಲಿ ಸೇರಿಕೊಂಡವು. 1795ರಿಂದ 1808ರವರೆಗೆ ಬಿಡಿ ಕಂತುಗಳಲ್ಲಿ ಬಂದ ಆ ಮಾಲೆಯಲ್ಲಿ ಒಟ್ಟು 144 ಚಿತ್ರಗಳಿವೆ. ಪೂರ್ತಿ ಮಾಲೆಯ ಬೆಲೆ 210 ಪೌಂಡು. ಆ ಕಾಲದ ಒಬ್ಬ ಕೂಲಿಗಾರ ಹಲವು ವರ್ಷ ದುಡಿದರೂ ಕಾಣದ ಹಣ ಅದು.

ಸಿಪಾಯಿಗೆ ಚಿತ್ರ ಬರೆಯುವ ಕೈ ಎಲ್ಲಿಂದ ಬಂತು ಎಂದು ಕೇಳಬಹುದು. ಫೋಟೋ ಇಲ್ಲದ ಕಾಲದಲ್ಲಿ ಬೆಟ್ಟವನ್ನು ನೋಡಿ ಅದರ ಇಳಿಜಾರು, ದಾರಿ, ಮರೆ, ನೀರಿನ ಜಾಗಗಳನ್ನು ಕಾಗದಕ್ಕೆ ಇಳಿಸುವುದು ಫಿರಂಗಿಯವನಿಗೂ ಎಂಜಿನಿಯರನಿಗೂ ಕಲಿಸುತ್ತಿದ್ದ ಕಸುಬು. ವುಲಿಚ್‌ನ ಸೈನಿಕ ಅಕಾಡೆಮಿಯಲ್ಲಿ 1768ರಿಂದ 1796ರವರೆಗೆ ಚಿತ್ರಕಲೆಯ ಮುಖ್ಯ ಉಪಾಧ್ಯಾಯನಾಗಿದ್ದವನು ಪಾಲ್ ಸ್ಯಾಂಡ್‌ಬಿ. ಅಕ್ವಾಟಿಂಟ್ ಎಂಬ ಹೊಸ ಅಚ್ಚಿನ ವಿಧಾನವನ್ನು ಇಂಗ್ಲೆಂಡಿನಲ್ಲಿ ಬೆಳಕಿಗೆ ತಂದವನೂ ಇವನೇ. 1775ರಲ್ಲಿ ವೇಲ್ಸ್ ಸೀಮೆಯ ಹನ್ನೆರಡು ನೋಟಗಳನ್ನು ಆ ವಿಧಾನದಲ್ಲಿ ಅಚ್ಚು ಮಾಡಿದ. ಬೆಟ್ಟವನ್ನು ಗುಂಡಿಗೆ ಗುರಿಯಾಗಿ ನೋಡುವುದನ್ನೂ ಗೋಡೆಗೆ ಚಿತ್ರವಾಗಿ ನೋಡುವುದನ್ನೂ ಒಬ್ಬನೇ ಮೇಷ್ಟ್ರು ಹೇಳಿಕೊಟ್ಟ ಎನ್ನುವುದು ನನಗೆ ಈ ಇಡೀ ಕಥೆಯ ಗಂಟಿನ ಹಾಗೆ ಕಾಣುತ್ತದೆ.

ಅಚ್ಚಿನ ಕೆಲಸದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಅದು ತಿಳಿಯದೆ ಚಿತ್ರಗಳ ಗುಣ ತಿಳಿಯುವುದಿಲ್ಲ.

ಪಾತ್ರೆ ಅಂಗಡಿಯಲ್ಲಿ ಮದುವೆಯ ಉಡುಗೊರೆ ಕೊಂಡಾಗ ಕೊಳಗದ ಮೇಲೆ ಹೆಸರು ಕೊರೆಸುತ್ತೇವಲ್ಲ, ಹಳೆಯ ವಿಧಾನ ಹೆಚ್ಚುಕಡಿಮೆ ಅದೇ. ಚೆನ್ನಾಗಿ ತಿಕ್ಕಿ ನಯ ಮಾಡಿದ ತಾಮ್ರದ ತಗಡಿನ ಮೇಲೆ ಉಕ್ಕಿನ ಚೂಪು ಉಳಿಯಿಂದ ಗೆರೆ ತೋಡುತ್ತಾರೆ. ಗೆರೆಗೆ ಮಸಿ ತುಂಬಿ, ತಗಡಿನ ಮೇಲ್ಮೈ ಒರೆಸಿ, ಒದ್ದೆ ಕಾಗದ ಹೊದಿಸಿ ಉರುಳೆಯ ಯಂತ್ರದಲ್ಲಿ ಬಿಗಿಯಾಗಿ ಒತ್ತುತ್ತಾರೆ. ಕಾಗದ ಗೆರೆಯೊಳಗಿನ ಮಸಿಯನ್ನು ಹೀರಿ ಎತ್ತಿಕೊಳ್ಳುತ್ತದೆ. ಇಲ್ಲಿ ಆಕಾಶವಾದರೂ ಗೆರೆ, ನೀರಾದರೂ ಗೆರೆ, ನೆರಳಾದರೂ ಗೆರೆಯ ಮೇಲೆ ಗೆರೆ. ಹೋಮ್‌ನ ಪುಸ್ತಕದ ಚಿತ್ರಗಳು ಇಂಥ ಗೆರೆಯ ಕೆಲಸ.

ಅಕ್ವಾಟಿಂಟ್ ಬೇರೆ. ತಾಮ್ರದ ತಗಡಿನ ಮೇಲೆ ರಾಳದ ನುಣ್ಣನೆ ಪುಡಿಯನ್ನು ದೂಳಿನಂತೆ ಇಳಿಯಬಿಟ್ಟು ಕೆಳಗಿನಿಂದ ಕಾಯಿಸಿದರೆ ಒಂದೊಂದು ಕಣವೂ ತಗಡಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಆಸಿಡ್ ಸುರಿಯುತ್ತಾರೆ. ಕಣ ಇರುವ ಕಡೆ ತಾಮ್ರ ಉಳಿಯುತ್ತದೆ, ಕಣಗಳ ಸಂದಿನಲ್ಲಿ ಆಸಿಡ್ ಕಚ್ಚುತ್ತದೆ. ಅಂದರೆ ತಗಡೆಲ್ಲ ಕಣ್ಣಿಗೆ ಕಾಣದ ಗುಳಿಗಳಿಂದ ತುಂಬಿ, ಮಸಿ ಹಚ್ಚಿದಾಗ ಗೆರೆಯಿಲ್ಲದ ಮೋಡದಂಥ ಬಣ್ಣ ಬರುತ್ತದೆ. ಎಲ್ಲಿ ಬಣ್ಣ ತೆಳುವಾಗಿ ನಿಲ್ಲಬೇಕೋ ಅಲ್ಲಿಗೆ ಮೊದಲ ಕಚ್ಚು ಆದ ಕೂಡಲೇ ವಾರ್ನಿಶ್ ಬಳಿದು ಮುಚ್ಚಿಬಿಡುತ್ತಾರೆ. ಉಳಿದ ಜಾಗಕ್ಕೆ ಮತ್ತೆ ಆಸಿಡ್, ಮತ್ತೆ ಸ್ವಲ್ಪ ಮುಚ್ಚುವುದು, ಮತ್ತೆ ಆಸಿಡ್. ಹೆಚ್ಚು ಹೊತ್ತು ಕಚ್ಚಿಸಿಕೊಂಡ ಜಾಗ ಹೆಚ್ಚು ಕಪ್ಪು.

ಹೀಗೆ ಮಾಡುವಾಗ ಎಲ್ಲಕ್ಕಿಂತ ಮೊದಲು ಮುಚ್ಚಿಸಿಕೊಳ್ಳುವುದು ಆಕಾಶ, ಅದರ ಬೆನ್ನಿಗೇ ದೂರದ ಬೆಟ್ಟ. ಕೊನೆಯವರೆಗೆ ಆಸಿಡ್ ತಿನ್ನುವುದು ಹತ್ತಿರದ ಬಂಡೆ, ಮರದ ಬುಡ, ದಾರಿಯ ಕಲ್ಲು. ನಮ್ಮ ಗಾದೆಯನ್ನು ತಾಮ್ರಕ್ಕೆ ಕಲಿಸಿದ ಹಾಗೆ! ದೂರದ್ದು ನುಣ್ಣಗೆ ಬರುವುದು ಅದನ್ನು ಕಡಿಮೆ ಕಚ್ಚಿಸಿದ್ದರಿಂದ, ಹತ್ತಿರದ್ದು ಒರಟಾಗಿ ಬರುವುದು ಮತ್ತೆ ಮತ್ತೆ ಕಚ್ಚಿಸಿದ್ದರಿಂದ. ಒತ್ತಿದ ಹಾಳೆಗಳಿಗೆ ಆಮೇಲೆ ಕೈಯಿಂದ ನೀರುಬಣ್ಣ ತುಂಬುತ್ತಿದ್ದರು. ಈ ತೆಳು ಗುಳಿಗಳು ಬೇಗ ಸವೆಯುತ್ತವೆ, ಒಂದು ತಗಡಿನಿಂದ ಚೆನ್ನಾದ ಪ್ರತಿಗಳು ಕೆಲವು ನೂರು ಮಾತ್ರ ಸಿಗುತ್ತಿದ್ದವು. ಬೆಲೆ ಏರಲು ಇದೂ ಒಂದು ಕಾರಣ.

ಈ ಚಿತ್ರಗಳನ್ನು ಕೊಂಡವರು ಯಾರು? ದೊಡ್ಡ ಮನೆಗಳವರು, ಕಂಪನಿಯಲ್ಲಿ ಪಾಲು ಇಟ್ಟವರು, ಮಕ್ಕಳನ್ನೋ ತಮ್ಮಂದಿರನ್ನೋ ಮದರಾಸಿನ ದಂಡಿಗೆ ಕಳಿಸಿದವರು. ಹಡಗಿನ ಕಾಗದ ಮುಟ್ಟಲು ಐದಾರು ತಿಂಗಳು ಹಿಡಿಯುತ್ತಿದ್ದ ಕಾಲ. ಮಗ ಬರೆದ ಕಾಗದದಲ್ಲಿ 'ಸಾವನ್‌ಡ್ರೂಗ್' ಎಂಬ ಹೆಸರು ಬಂದರೆ ಅದು ಹೇಗಿದೆ ಎಂದು ತಾಯಿಗೆ ತಿಳಿಯಲು ಬೇರೆ ದಾರಿ ಇರಲಿಲ್ಲ. ನಮ್ಮ 'ದುರ್ಗ' ಅವರ ಬಾಯಲ್ಲಿ 'ಡ್ರೂಗ್' ಆಗಿ, ನಂದಿದುರ್ಗ, ಹುತ್ರಿದುರ್ಗಗಳೆಲ್ಲ ಲಂಡನ್ನಿನ ಅಂಗಳದ ಮಾತಾದವು. ಮೇಜರ್ ಡೈರಮ್ ಬರೆದ ದಂಡಯಾತ್ರೆಯ ವೃತ್ತಾಂತ 1793ರಲ್ಲೇ ಬಂದಿತ್ತು. ಅದನ್ನು ಓದಿದವರಿಗೆ ಮರುವರ್ಷ ಚಿತ್ರಗಳು ಸಿಕ್ಕವು. ಇನ್ನೊಂದು ಕಾರಣವನ್ನೂ ಹೇಳಬೇಕು. 1793ರ ಫೆಬ್ರುವರಿಯಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ಯುದ್ಧ ಶುರುವಾಗಿ, ಅನುಕೂಲಸ್ಥ ಇಂಗ್ಲಿಷರು ಇಟಲಿ, ಸ್ವಿಟ್ಜರ್ಲೆಂಡಿಗೆ ಹೋಗಿಬರುತ್ತಿದ್ದ ದಾರಿ ಬಹುಕಾಲ ಮುಚ್ಚಿತು. ಹೊರಗೆ ಹೋಗಲಾರದ ಕಣ್ಣು ಪುಸ್ತಕದೊಳಗೆ ಊರೂರು ಸುತ್ತಿತು.

ಇನ್ನೂರು ಪೌಂಡು ಕೊಡಲಾಗದವರಿಗೂ ದಾರಿಗಳಿದ್ದವು. ಚಿತ್ರದ ಹಾಳೆಗಳ ಕಟ್ಟನ್ನು ಒಂದು ಸಂಜೆಯ ಮಟ್ಟಿಗೆ ಬಾಡಿಗೆ ಕೊಡುವ ಅಂಗಡಿಗಳು ಲಂಡನ್ನಿನಲ್ಲಿದ್ದವು. ಮನೆಗೆ ನೆಂಟರು ಬಂದಾಗ ತಂದು, ಮೇಜಿನ ಮೇಲೆ ಹರಡಿ ನೋಡಿ, ಬೆಳಗ್ಗೆ ಹಿಂತಿರುಗಿಸುವುದು. ಊರಿಗೊಂದು ವಿಸಿಆರ್ ಬಾಡಿಗೆಗೆ ತಂದು ರಾತ್ರಿಯಿಡೀ ಸಿನಿಮಾ ನೋಡಿದ ನಮ್ಮ ತಲೆಮಾರಿಗೆ ಇದು ಹೊಸದೇನಲ್ಲ. ಚಿತ್ರವನ್ನು ಕನ್ನಡಿ ಮತ್ತು ಭೂತಗಾಜಿನ ಮೂಲಕ ನೋಡುವ ಪೆಟ್ಟಿಗೆಗಳೂ ಇದ್ದವು, ನಮ್ಮ ಜಾತ್ರೆಯ ಬಯಾಸ್ಕೋಪ್ ಪೆಟ್ಟಿಗೆಯ ಹಿರಿಯ ಬಂಧುಗಳು. 1800ರಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಶ್ರೀರಂಗಪಟ್ಟಣದ ಪತನವನ್ನು ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಆರು ವಾರದಲ್ಲಿ ಬರೆದು ಲಂಡನ್ನಿನ ಲೈಸಿಯಂನಲ್ಲಿ ತೂಗುಹಾಕಿದಾಗ ಜನ ದುಡ್ಡು ಕೊಟ್ಟು ನೋಡಿದರು. ಅವನು ಶ್ರೀರಂಗಪಟ್ಟಣವನ್ನು ನೋಡಿರಲಿಲ್ಲ. ನಮ್ಮ ಕವಿಗಳೂ ಮಹಾಕಾವ್ಯ ಎಂದರೆ ಹದಿನೆಂಟು ವರ್ಣನೆ ಇರಲೇಬೇಕೆಂದು ಸಮುದ್ರ ಕಾಣದೆಯೂ ಸಮುದ್ರವನ್ನು, ಮಲೆ ಹತ್ತದೆಯೂ ಮಲೆಯನ್ನು ವರ್ಣಿಸಿದವರು. ಆದ್ದರಿಂದ ಕಾಣದೆ ಬರೆದದ್ದಕ್ಕೆ ನಾನು ಅವನನ್ನು ತಪ್ಪು ಹಿಡಿಯಲಾರೆ. ಆದರೆ ಕಾವ್ಯದ ಪರ್ವತವನ್ನು ಯಾರೂ ನಿಜ ಪರ್ವತವೆಂದು ನಂಬಿ ಓದಲಿಲ್ಲ. ಹೋಮ್‌ನಂಥವರ ಚಿತ್ರಗಳ ಜೊತೆ ಮಾತ್ರ 'ಸ್ಥಳದಲ್ಲೇ ಬರೆದದ್ದು' ಎಂಬ ಮಾತು ಅಚ್ಚಾಗಿರುತ್ತಿತ್ತು. ಓದುಗರು ಹಣ ಕೊಟ್ಟದ್ದು ಆ ಮಾತಿಗೆ.

ಪುಸ್ತಕದಿಂದ ಆಚೆಗೂ ಬೆಟ್ಟಗಳು ಹರಿದಾಡಿದವು. ಫ್ರಾನ್ಸಿನ ಜ್ಯೂಬರ್ ಕಾರ್ಖಾನೆ 1807ರಲ್ಲಿ ಡೇನಿಯಲ್‌ರ ಚಿತ್ರಗಳನ್ನು ಆಧಾರ ಮಾಡಿಕೊಂಡು ಗೋಡೆಗೆ ಅಂಟಿಸುವ ಕಾಗದ ತಯಾರಿಸಿತು. ಇಂಗ್ಲೆಂಡಿನ ಊಟದ ತಟ್ಟೆಗಳ ಮೇಲೂ ಹಿಂದೂಸ್ಥಾನದ ಗುಡಿಗೋಪುರಗಳು ನೀಲಿ ಬಣ್ಣದಲ್ಲಿ ಮೂಡಿದವು.

ಈಗ ಚಿತ್ರಗಳನ್ನೇ ನೋಡೋಣ. ಮೂಲ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ, ಡೇನಿಯಲ್‌ರ ಕೆಲಸದ ದೊಡ್ಡ ಸಂಗ್ರಹ ಕೋಲ್ಕತ್ತದ ವಿಕ್ಟೋರಿಯಾ ಮೆಮೋರಿಯಲ್‌ನಲ್ಲಿದೆ, ಪರದೆಯ ಮೇಲೆ ಈಗ ಯಾರು ಬೇಕಾದರೂ ನೋಡಬಹುದು. ಹತ್ತಿಪ್ಪತ್ತು ಚಿತ್ರ ಸತತವಾಗಿ ನೋಡಿದರೆ ಒಂದು ಅಚ್ಚು ಕಾಣಿಸತೊಡಗುತ್ತದೆ. ಎದುರಿಗೆ ಕಪ್ಪು ನೆರಳಿನ ನೆಲ, ಒಂದು ಮಗ್ಗುಲಲ್ಲಿ ಬಾಗಿದ ದೊಡ್ಡ ಮರ, ಅದರಡಿ ಬೆನ್ನು ತೋರಿಸಿ ಕೂತ ಮೂರು ನಾಲ್ಕು ಜನ, ನಡುವೆ ತಿಳಿನೀರು, ಹಿಂದೆ ಬೆಳಕಿನಲ್ಲಿ ದುರ್ಗ. ನೂರೈವತ್ತು ವರ್ಷ ಹಿಂದೆ ಕ್ಲಾಡ್ ಲೊರೇನ್ ಎಂಬ ಚಿತ್ರಗಾರ ರೋಮ್‌ನ ಸುತ್ತಲ ಬಯಲನ್ನು ಹೀಗೆ ಜೋಡಿಸಿ ಬರೆದಿದ್ದ. ಅದೇ ಜೋಡಣೆ ಹಡಗು ಹತ್ತಿ ಬಂದು ನಮ್ಮ ನೆಲದ ಮೇಲೆ ಕೂತಿತು. ಮರ ಆಲವೋ ಅರಳಿಯೋ ಆಯಿತು, ಸರೋವರದ ಜಾಗಕ್ಕೆ ನಮ್ಮ ಕೆರೆ ಬಂತು.

ಕೆರೆ ಬಂತು ನಿಜ, ಆದರೆ ಕೆರೆಯಾಗಿ ಬರಲಿಲ್ಲ. ಕೋಲಾರ ಸೀಮೆಯವರಿಗೆ ಕೆರೆ ಎಂದರೆ ಏರಿ, ತೂಬು, ಕೋಡಿ, ಅದರ ಕೆಳಗಿನ ಅಚ್ಚುಕಟ್ಟು, ನೀರು ಬಿಡುವ ನೀರಗಂಟಿ. ಒಂದು ಕೆರೆಯ ಕೋಡಿ ಹರಿದು ಇನ್ನೊಂದು ಕೆರೆಗೆ ಸೇರುವ ಸರಣಿ. ಕಾವೇರಿಯಂಥ ಹೊಳೆಯಿಲ್ಲದ ಈ ಒಣಸೀಮೆಯಲ್ಲಿ ಮನುಷ್ಯ ಕೈಯಾರೆ ಕಟ್ಟಿದ ಅತಿ ದೊಡ್ಡ ಕೆಲಸ ಅದೇ. ಏರಿ ಉದ್ದಕ್ಕೆ ನೇರವಾಗಿ ಹೋಗುವ ಮಣ್ಣಿನ ಗೋಡೆ. ನೇರ ಗೆರೆ ಗಿಲ್ಪಿನ್‌ನ ಕಣ್ಣಿಗೆ ಒಗ್ಗದು. ಹಾಗಾಗಿ ನಾನು ನೋಡಿದ ಚಿತ್ರಗಳಲ್ಲಿ ನೀರಿದೆ, ನೀರನ್ನು ನಿಲ್ಲಿಸಿದ ಕೈಕೆಲಸ ಕಾಣುವುದು ಕಡಿಮೆ.

ಕಾಣದಿರುವುದು ಇನ್ನೂ ಇದೆ. 1791ರ ಮೇ ತಿಂಗಳ ಕೊನೆಗೆ ಶ್ರೀರಂಗಪಟ್ಟಣದ ಹತ್ತಿರದವರೆಗೆ ಹೋದ ಕಾರ್ನ್‌ವಾಲಿಸ್‌ನ ಸೈನ್ಯ ಹಿಂದಿರುಗಬೇಕಾಯಿತು. ಮೇವಿಲ್ಲದೆ ಎತ್ತುಗಳು ಸಾಲುಸಾಲಾಗಿ ಸತ್ತವು, ಎಳೆಯುವವರಿಲ್ಲದೆ ಭಾರಿ ಫಿರಂಗಿಗಳನ್ನು ತಮ್ಮ ಕೈಯಾರೆ ಹಾಳುಮಾಡಿ ಬಿಟ್ಟುಬಂದರು. ಮಳೆ ಬೇರೆ ಹಿಡಿದಿತ್ತು. ಆ ಸೈನ್ಯಕ್ಕೆ ಕಾಳು ಹೊತ್ತು ತಂದವರು ಎತ್ತಿನ ಹಿಂಡುಗಳ ಬಂಜಾರರು, ನಮ್ಮ ಲಂಬಾಣಿಗಳ ಹಿರಿಯರು. ಸುಟ್ಟ ಬೆಳೆ, ಬರಿದಾದ ಹಳ್ಳಿ, ಓಡಿಹೋದ ಒಕ್ಕಲು ಇವೆಲ್ಲ ಅದೇ ವರ್ಷದ ಅದೇ ದಾರಿಯ ಸಂಗತಿಗಳು. ಚಿತ್ರದಲ್ಲಿ ಮಾತ್ರ ಮರದ ನೆರಳಲ್ಲಿ ಯಾರೋ ಹಾಯಾಗಿ ಕೂತಿರುತ್ತಾರೆ. ಗುಡಾರಗಳು ಇದ್ದರೂ ಬೆಟ್ಟದ ಬುಡದಲ್ಲಿ ಅಕ್ಕಿಕಾಳಿನಷ್ಟು.

ಯಾವ ಬೆಟ್ಟ ಚಿತ್ರವಾಯಿತು, ಯಾವುದು ಆಗಲಿಲ್ಲ ಎಂಬುದನ್ನೂ ಯುದ್ಧವೇ ತೀರ್ಮಾನಿಸಿತು. ನಂದಿದುರ್ಗ ಅಕ್ಟೋಬರ್ 19ಕ್ಕೆ ಬಿತ್ತು, ಸಾವನದುರ್ಗ ಡಿಸೆಂಬರ್ 21ಕ್ಕೆ, ಅದರ ಬೆನ್ನಿಗೆ ಹುತ್ರಿದುರ್ಗ. ಹೆಚ್ಚು ಹೆಚ್ಚು ಚಿತ್ರವಾದದ್ದು ಬಿದ್ದ ಬೆಟ್ಟಗಳೇ. ಸಾವನದುರ್ಗವನ್ನು ಉತ್ತರದಿಂದ, ದಕ್ಷಿಣದಿಂದ, ದೂರದಿಂದ ಮತ್ತೆ ಮತ್ತೆ ಬರೆದರು. ನಮ್ಮ ಆವಣಿಯ ಬೆಟ್ಟವನ್ನು ತೆಗೆದುಕೊಳ್ಳಿ. ಬುಡದಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಸಮೂಹ, ನೆತ್ತಿಯ ಮೇಲೆ ಸೀತಮ್ಮನ ಗುಡಿ, ನಡುವೆ ಒಡೆದ ಬಂಡೆಗಳ ರಾಶಿ. ಪಿಕ್ಚರೆಸ್ಕ್‌ಗೆ ಬೇಕಾದ ಒರಟೆಲ್ಲ ಅಲ್ಲಿದೆ. ಆದರೆ ಅಲ್ಲಿ ಯಾರೂ ಏಣಿ ಹಾಕಿ ಕೋಟೆ ಹತ್ತಲಿಲ್ಲ. ಮಕ್ಕಳಾಗಲೆಂದು ಬೆಟ್ಟ ಹತ್ತುವ ಹೆಂಗಸರ ದಾರಿ ದಂಡಿನ ದಾರಿಯಲ್ಲ.

ಮುಳಬಾಗಿಲಿನ ಬಂಡೆಗಳ ಬಗ್ಗೆ ಒಂದು ಹಳೆಯ ಪ್ರಸಂಗ ಇಲ್ಲಿ ಹೇಳಲೇಬೇಕು. 1768ರ ಅಕ್ಟೋಬರಿನಲ್ಲಿ, ಮೊದಲನೆಯ ಮೈಸೂರು ಯುದ್ಧದ ಹೊತ್ತಿಗೆ, ಕರ್ನಲ್ ವುಡ್‌ನ ಪಡೆಯನ್ನು ಹೈದರಾಲಿ ಈ ಬಂಡೆಗಳ ನಡುವೆ ಸಿಕ್ಕಿಸಿಕೊಂಡ. ಒಂದೊಂದು ಬಂಡೆಯ ಹಿಂದಿನಿಂದಲೂ ಗುಂಡು ಬರುತ್ತಿತ್ತು. ಕ್ಯಾಪ್ಟನ್ ಬ್ರೂಕ್ ಎಂಬವನು ಗಾಯಾಳುಗಳನ್ನೂ ಕಾಯಿಲೆಯವರನ್ನೂ ಸೇರಿಸಿಕೊಂಡು, ಬಂಡೆಯ ಮೇಲಕ್ಕೆ ಎರಡು ಫಿರಂಗಿ ಏರಿಸಿ ಹಾರಿಸಿ, "ಸ್ಮಿತ್! ಸ್ಮಿತ್!" ಎಂದು ಕೂಗಿಸಿದ. ಕರ್ನಲ್ ಸ್ಮಿತ್‌ನ ದೊಡ್ಡ ಸೈನ್ಯವೇ ಬಂತೆಂದು ಎರಡೂ ಕಡೆಯವರು ನಂಬಿದರು. ವುಡ್ ಪಾರಾದ. ಬಂಡೆಯ ಹಿಂದೆ ಏನಿದೆ ಎಂದು ಯಾರಿಗೂ ಕಾಣದಿದ್ದದ್ದೇ ಆ ಉಪಾಯ ನಡೆಯಲು ಕಾರಣ. ಗಿಲ್ಪಿನ್ ಮೆಚ್ಚಿದ ಒರಟು ಸಿಪಾಯಿಗೆ ಜೀವದ ಪ್ರಶ್ನೆಯಾಗಿತ್ತು. ಇಪ್ಪತ್ತಮೂರು ವರ್ಷದ ಮೇಲೆ ಅದೇ ಮುಳಬಾಗಿಲ ದಾರಿಯಲ್ಲಿ ಬಂದ ಸೈನ್ಯ ನಕಾಶೆಗಾರರನ್ನೂ ಮೋಜಣಿದಾರರನ್ನೂ ಕರೆತಂದದ್ದು ಚೆಲುವು ಸವಿಯಲಿಕ್ಕಲ್ಲ.

ಹಾಗೆಂದು ಈ ಚಿತ್ರಗಳನ್ನು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಅವು ಚೆನ್ನಾಗಿವೆ. ಹತ್ತಿರದ ಬಂಡೆಯ ಮೈಯನ್ನು ಆಸಿಡ್ ಕಚ್ಚಿದ ಗುಳಿಗಳು ತೋರಿಸುವಷ್ಟು ನಿಜವಾಗಿ ಎಷ್ಟೋ ಫೋಟೋಗಳು ತೋರಿಸುವುದಿಲ್ಲ. ಗ್ರಾನೈಟಿನ ಹೊಪ್ಪಳಿಕೆ ಏಳುವ ಬಗೆ, ಮಳೆನೀರು ಇಳಿದ ಕರೀ ಪಟ್ಟೆ, ಸಂದಿನಲ್ಲಿ ಬೇರು ಬಿಟ್ಟ ಗಿಡ ಎಲ್ಲ ಇವೆ. ಸಾವನದುರ್ಗ, ರಾಮನಗರದ ಬೆಟ್ಟಗಳ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಅಷ್ಟು ಹಳೆಯ ಮುಖವನ್ನು ಮೊದಲ ಬಾರಿ ಇಷ್ಟು ವಿವರವಾಗಿ ಕಾಗದಕ್ಕೆ ತಂದವರು ಇವರು. ಅದೇ ಬೆಟ್ಟಗಳಿಗೆ 1970ರ ದಶಕದಲ್ಲಿ 'ಶೋಲೆ'ಯ ಕ್ಯಾಮೆರಾ ಬಂತು, ಹತ್ತು ವರ್ಷ ಕಳೆದು ಡೇವಿಡ್ ಲೀನ್‌ನ 'ಎ ಪ್ಯಾಸೇಜ್ ಟು ಇಂಡಿಯಾ'. ಕ್ಯಾಮೆರಾ ಇಟ್ಟ ಜಾಗಗಳು ಹಳೆಯ ಚಿತ್ರಗಾರರು ಕೂತಿದ್ದ ಜಾಗಗಳಿಂದ ಬಹಳ ದೂರ ಇರಲಿಕ್ಕಿಲ್ಲ.

ಇನ್ನೊಬ್ಬ ಬ್ರಿಟಿಷ್ ಪ್ರಯಾಣಿಕನ ಚಿತ್ರಗಳು ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುತ್ತವೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರು ಸುತ್ತಿದ. ಕೋಲಾರಕ್ಕೂ ಬಂದ. ಅವನ ಮೂರು ಸಂಪುಟಗಳು 1807ರಲ್ಲಿ ಅಚ್ಚಾದವು. ಅವನೂ ಕಂಪನಿಯ ಕೆಲಸಕ್ಕೇ ಬಂದವನು, ಈ ನೆಲದಿಂದ ಎಷ್ಟು ಹುಟ್ಟುತ್ತದೆ ಎಂಬ ಲೆಕ್ಕಕ್ಕೆ. ಆದರೆ ಅವನು ಕುದುರೆಯಿಂದ ಇಳಿದು ರಾಗಿಯನ್ನು ಹೇಗೆ ಬಿತ್ತುತ್ತೀರಿ, ಎಷ್ಟು ಸಲ ಉಳುತ್ತೀರಿ, ಕೆರೆ ನೀರು ಎಷ್ಟು ತಿಂಗಳು ನಿಲ್ಲುತ್ತದೆ, ಕಬ್ಬಿಣ ಕರಗಿಸುವ ಕುಲುಮೆಗೆ ಇದ್ದಿಲು ಎಲ್ಲಿಂದ ಎಂದು ಕೇಳಿ ಬರೆದುಕೊಂಡ. ಅವನ ಪುಸ್ತಕದ ತಾಮ್ರದ ತಗಡುಗಳಲ್ಲಿ ದುರ್ಗಗಳ ಬದಲು ನೇಗಿಲಿನಂಥ ಬೇಸಾಯದ ಸಾಮಾನುಗಳ ಚಿತ್ರ ಮೂಡಿತು. ಮರದ ಮರೆಯಿಲ್ಲ, ನೆರಳಿಲ್ಲ, ಹಿಂದೆ ಬೆಟ್ಟವಿಲ್ಲ, ಖಾಲಿ ಕಾಗದದ ಮೇಲೆ ಒಂದೊಂದೇ ಸಲಕರಣೆ. ಹೋಮ್‌ನ ಬೆಟ್ಟದ ಪಕ್ಕ ಇದನ್ನು ಇಟ್ಟುಕೊಂಡು ನೋಡಿದಾಗ ಆ ಕಾಲದ ಸೀಮೆ ಪೂರ್ತಿ ಆಗುತ್ತದೆ. ಒಂದರಲ್ಲಿ ದೂರದಿಂದ ಕಂಡದ್ದು, ಇನ್ನೊಂದರಲ್ಲಿ ಕೇಳಿ ತಿಳಿದದ್ದು. ಲಂಡನ್ನಿನ ಬೈಠಕ್ಕಿನಲ್ಲಿ ಸಂಜೆಯ ಹೊತ್ತು ಕಳೆಯಲು ನೇಗಿಲಿನ ಚಿತ್ರ ಒದಗಲಿಲ್ಲ ಎಂಬುದು ಊಹಿಸಬಹುದಾದ ಮಾತು.

ಬೆಟ್ಟವನ್ನು ಚಿತ್ರವಾಗಿ ನೋಡುವ ಅಭ್ಯಾಸ ನಮ್ಮ ಹಿರಿಯರಿಗೆ ಇತ್ತೇ? ಅವರ ಬೆಟ್ಟಕ್ಕೆ ಹೆಸರಿತ್ತು, ದೇವರಿತ್ತು, ಕಾಲುದಾರಿ ಇತ್ತು. ಕೋಲಾರದ ಬೆಟ್ಟಸಾಲನ್ನು ನೂರು ಶಿಖರದ ಶತಶೃಂಗ ಎಂದು ಕರೆದರು, ಪಾಂಡುರಾಜನ ಕಥೆಗೆ ಸೇರಿಸಿದರು. ತೇರಹಳ್ಳಿಯಂಥ ಊರುಗಳವರು ಇವತ್ತಿಗೂ ಆ ಬೆಟ್ಟದ ಮೇಲೇ ಬಾಳುತ್ತಾರೆ, ಅವರಿಗೆ ಅದು ಎದುರಿಗೆ ನಿಂತು ನೋಡುವ ವಸ್ತುವೇ ಅಲ್ಲ. ಎದುರು ನಿಂತು ಬೆಟ್ಟವನ್ನು ಬರೆಯುವ ಕೆಲಸ ನಮ್ಮವರ ಕೈಯಲ್ಲಿ ಬೇರೆಯದೇ ಚೆಲುವು ಪಡೆದದ್ದು ಬಹಳ ತಡವಾಗಿ. ಮೈಸೂರಿನ ಕೆ. ವೆಂಕಟಪ್ಪ ಊಟಿ, ಕೊಡೈಕೆನಾಲ್‌ಗಳ ಮಂಜನ್ನು ನೀರುಬಣ್ಣದಲ್ಲಿ ಹಿಡಿದರು. ರುಮಾಲೆ ಚನ್ನಬಸವಯ್ಯ ಬೆಂಗಳೂರಿನ ಹೂಮರಗಳ ಮುಂದೆ ಕೂತು ಬರೆದರು. ಕೋಲಾರದ ಬಂಡೆಗಳಿಗೆ ಅಂಥ ಕಣ್ಣು ಇನ್ನೂ ಸಿಗಬೇಕು ಎಂಬುದು ನನ್ನ ಆಸೆ.

ಆಸೆಗೆ ಅವಸರವೂ ಸೇರಿದೆ. ಮಾಲೂರು ತಾಲ್ಲೂಕಿನ ಟೇಕಲ್ ಕಡೆ ಹೋದರೆ ಬಂಡೆ ಸೀಳುವ ಸದ್ದು ಕೇಳುತ್ತದೆ. ಅಲ್ಲಿನ ಕಲ್ಲಿಗೆ ಚಪ್ಪಡಿಯಾಗಿ, ಕಂಬವಾಗಿ, ಜಲ್ಲಿಯಾಗಿ ಬೇಡಿಕೆ. ದುಡಿಯುವವರ ಹೊಟ್ಟೆಪಾಡು ಅದರಲ್ಲಿದೆ ಎಂಬುದು ನನಗೆ ಗೊತ್ತು. ಆದರೂ ಒಂದು ಗುಡ್ಡ ಇತ್ತು ಎಂದು ಹೇಳಿದ ಕಡೆ ನೀರು ನಿಂತ ಗುಂಡಿ ಕಂಡಾಗ, ಆ ಗುಡ್ಡದ ಮುಖ ಹೇಗಿತ್ತು ಎಂದು ಯಾರ ಬಳಿಯೂ ಒಂದು ಚಿತ್ರವಿಲ್ಲ ಎಂದು ಸಂಕಟವಾಗುತ್ತದೆ. ಸಾವನದುರ್ಗಕ್ಕೆ ಇನ್ನೂರಮೂವತ್ತು ವರ್ಷದ ಹಿಂದಿನ ಸಾಕ್ಷಿ ಇದೆ, ಶತ್ರು ಬರೆದಿಟ್ಟದ್ದಾದರೂ ಇದೆ. ಯಾರೂ ಮುತ್ತಿಗೆ ಹಾಕದ ಸಣ್ಣ ಗುಡ್ಡಗಳಿಗೆ ಅದೂ ಇಲ್ಲ.

ನಮ್ಮ ಕಡೆಯ ಶಾಲೆಗಳಲ್ಲಿ ಬೆಟ್ಟದ ಚಿತ್ರ ಬರೆಯಿರಿ ಎಂದರೆ ಮಕ್ಕಳು ಎರಡು ತ್ರಿಕೋನ ಹಾಕುತ್ತಾರೆ. ನಡುವೆ ಅರ್ಧ ಸೂರ್ಯ, ಕೆಳಗೆ ಹಾವಿನಂತೆ ಹರಿಯುವ ನದಿ, ದಡದಲ್ಲಿ ಹೆಂಚಿನ ಮನೆ, ಒಂದು ತೆಂಗಿನಮರ. ಕಿಟಕಿಯಾಚೆ ಕಾಣುವ ಬೆಟ್ಟದಲ್ಲಿ ತ್ರಿಕೋನ ಇಲ್ಲ, ಊರಿನಲ್ಲಿ ನದಿಯೂ ಇಲ್ಲ. ಕ್ಯಾಲನೂರಿನ ಒಂದು ಮಗು ಆ ತ್ರಿಕೋನ ಬಿಟ್ಟು, ಹೊರಗೆ ಬಂದು ನೋಡಿ, ಒಂದರ ಮೇಲೊಂದು ಒರಗಿದ ಉರುಟು ಬಂಡೆಗಳನ್ನೂ ಅವುಗಳ ಬುಡದಲ್ಲಿ ಕೆರೆಯ ನೇರ ಏರಿಯನ್ನೂ ತೂಬನ್ನೂ ಬರೆದರೆ, ಆ ಹಾಳೆಯನ್ನು ನಾನು ಹೋಮ್‌ನ ಇಪ್ಪತ್ತೊಂಬತ್ತು ಚಿತ್ರಗಳ ಜೊತೆ ಮೂವತ್ತನೆಯದಾಗಿ ಇಡುತ್ತೇನೆ.